ಕಾಂಪೌಂಡ್ ಬಿಟ್ಟು ಸಾಂಪ್ರದಾಯಿಕ ಬಿಲ್ಲಿಗೆ: ಮೊದಲ ಬಿಲ್ಲನ್ನು ಆರಿಸುವ ಬಗೆ

ಒಂಬತ್ತು ವರ್ಷ ಕಾಂಪೌಂಡ್ (ತುದಿಗಳಲ್ಲಿ ಗಾಲಿ ಇರುವ ಬಿಲ್ಲು) ಹೊಡೆದ ಮೇಲೆ ನಾನು ಮೊದಲ ಸಲ ಒಂದು ರೀಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಕೊಂಡೆ. ಒಂದೇ ತುಂಡಿನ ಮರದ ಬಿಲ್ಲು, ನೋಡೋಕೆ ತುಂಬಾ ಚೆಂದ. ಎಳೆಯುವ ಭಾರ 50 ಪೌಂಡ್. ಅಂಗಡಿಯವರು ಹೇಳಿದ್ದು ಇಷ್ಟೇ: "ನೀವು 60 ಪೌಂಡ್ ಎಳೆಯೋರು ಸರ್, ನಿಮಗೆ 50 ಏನು ಮಹಾ?" ನನಗೂ ಹಾಗೇ ಅನಿಸಿತು. ಮನೆಗೆ ತಂದು ಹೆದೆ ಏರಿಸಿ ಎಳೆದೆ. ಎಳೆಯೋಕೆ ಬಂತು. ಆದರೆ ಬೆರಳನ್ನು ತುಟಿಯ ಅಂಚಿಗೆ ತಂದು ನಿಲ್ಲಿಸೋಕೆ ಆಗಲಿಲ್ಲ. ಬಾಣದ ಮೊನೆ ಗಡಗಡ ನಡುಗುತ್ತಿತ್ತು. ಗುರಿ ನೋಡುವ ಮೊದಲೇ ಬೆರಳು ಬಿಟ್ಟುಕೊಂಡವು. ಎರಡು ವಾರ ಹಟಕ್ಕೆ ಬಿದ್ದು ಹೊಡೆದೆ. ಬಲ ಭುಜ ನೋಯಲು ಶುರುವಾಯಿತು. ಆ ನೋವು ಪೂರ್ತಿ ಹೋಗಲು ನಾಲ್ಕು ತಿಂಗಳು ಹಿಡಿಯಿತು.

ಬಿಲ್ಲುಗಾರಿಕೆಗೇ ಹೊಸಬರಾದವರು ಈ ತಪ್ಪು ಮಾಡುವುದು ಕಡಿಮೆ. ಅವರ ಕೈಗೆ ಯಾರೂ 50 ಪೌಂಡಿನ ಬಿಲ್ಲು ಕೊಡುವುದಿಲ್ಲ. ಇದು ನಮ್ಮಂಥವರ ತಪ್ಪು. ವರ್ಷಗಟ್ಟಲೆ ಕಾಂಪೌಂಡ್ ಹೊಡೆದವರು, ರಿಲೀಸ್ (ಹೆದೆ ಹಿಡಿದು ಬಿಡುವ ಟ್ರಿಗರ್ ಸಾಧನ), ಪೀಪ್ (ಹೆದೆಯಲ್ಲಿ ಕೂರಿಸಿದ, ಗುರಿ ನೋಡುವ ಕಿಂಡಿ), ಸ್ಪೈನ್ (ಬಾಣ ಎಷ್ಟು ಬಾಗುತ್ತದೆ ಅನ್ನುವ ಅಳತೆ), ಟ್ಯೂನಿಂಗ್ ಎಲ್ಲ ಬಲ್ಲವರು ಮಾಡುವ ತಪ್ಪು. ಅದಕ್ಕೇ ಈ ಮಾರ್ಗದರ್ಶಿಯನ್ನು ಅವರಿಗೆ ಅಂತಲೇ ಬರೆಯುತ್ತಿದ್ದೇನೆ. ಇಲ್ಲಿ ಸಾಂಪ್ರದಾಯಿಕ ಬಿಲ್ಲು ಅಂದರೆ ಗಾಲಿ ಇಲ್ಲದ, ಸೈಟ್ (ಗುರಿ ತೋರಿಸುವ ಕಡ್ಡಿ) ಇಲ್ಲದ, ಬೆರಳಿನಿಂದಲೇ ಎಳೆದು ಬಿಡುವ ಬಿಲ್ಲು. ರೀಕರ್ವ್, ಲಾಂಗ್‌ಬೋ, ಬಿದಿರು ಬಿಲ್ಲು ಎಲ್ಲವೂ ಇದರಲ್ಲಿ ಬರುತ್ತವೆ.

ಹಂತ 1: ನಿಮ್ಮ ಜೊತೆ ಏನು ಬರುತ್ತದೆ, ಏನು ಬರುವುದಿಲ್ಲ

ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಅವರು ಕಾಂಪೌಂಡ್ ಬಿಲ್ಲಿನ ಪೇಟೆಂಟ್‌ಗೆ 1966ರಲ್ಲಿ ಅರ್ಜಿ ಹಾಕಿದರು. 1969ರಲ್ಲಿ ಅದು ಸಿಕ್ಕಿತು. ಅವರು ಸೇರಿಸಿದ ಗಾಲಿಗಳು ನಮಗೆ ಮಾಡುವ ಉಪಕಾರ ಒಂದೇ, ಆದರೆ ದೊಡ್ಡದು. ಎಳೆತದ ಕೊನೆಯಲ್ಲಿ ಭಾರ ಇಳಿಯುತ್ತದೆ, ಇದಕ್ಕೇ ಲೆಟ್‌ಆಫ್ ಅನ್ನುವುದು. 60 ಪೌಂಡಿನ ಬಿಲ್ಲಿಗೆ 80 ಶೇಕಡಾ ಲೆಟ್‌ಆಫ್ ಇದ್ದರೆ ಪೂರ್ತಿ ಎಳೆದಾಗ ನೀವು ಹಿಡಿದಿರುವುದು ಬರೀ 12 ಪೌಂಡ್. ಅಂದರೆ ಸುಮಾರು ಐದೂವರೆ ಕಿಲೋ. 60 ಪೌಂಡ್ ಬರುವುದು ಎಳೆತದ ನಡುವೆ, ಕ್ಷಣಹೊತ್ತು ಮಾತ್ರ.

ರೀಕರ್ವ್ ಇದರ ತಿರುಗುಮುರುಗು. ಎಳೆದಷ್ಟೂ ಭಾರ ಏರುತ್ತಲೇ ಹೋಗುತ್ತದೆ. ನೀವು ಆಂಕರ್‌ನಲ್ಲಿ, ಅಂದರೆ ಎಳೆದ ಕೈಯನ್ನು ಮುಖಕ್ಕೆ ತಾಗಿಸಿ ನಿಲ್ಲಿಸುವ ಜಾಗದಲ್ಲಿ, ನಿಂತು ಗುರಿ ನೋಡುವ ಹೊತ್ತಿಗೆ ಅದು ತುತ್ತತುದಿಯಲ್ಲಿರುತ್ತದೆ. 35 ಪೌಂಡಿನ ರೀಕರ್ವ್ ಅಂದರೆ ಸುಮಾರು 16 ಕಿಲೋ. ಅದೆಲ್ಲ ಮೂರು ಬೆರಳಿನ ಮೊದಲ ಗೆಣ್ಣಿನ ಮೇಲೆ. ಕಾಂಪೌಂಡ್‌ನಲ್ಲಿ ನೀವು ಹಿಡಿದು ನಿಲ್ಲುತ್ತಿದ್ದ ಭಾರದ ಮೂರು ಪಟ್ಟು ಹತ್ತಿರ, ಅಲ್ವಾ? ಒರಗಿ ನಿಲ್ಲೋಕೆ ಗೋಡೆಯೂ, ಅಂದರೆ ಕಾಂಪೌಂಡ್ ಎಳೆತ ತಾನಾಗಿ ನಿಂತುಬಿಡುವ ಆ ಕೊನೆಯೂ, ಇಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ನಿಮ್ಮ ಬೆನ್ನು ಮತ್ತು ಮುಖವೇ ಹೇಳಬೇಕು.

ಹೋಗುವುದು ಇನ್ನೂ ಕೆಲವಿವೆ: ಪೀಪ್, ಬಿಲ್ಲು ವಾಲದಂತೆ ನೋಡುವ ಲೆವೆಲ್, ರಿಲೀಸ್ ಸಿಕ್ಕಿಸುವ ಕುಣಿಕೆಯಾದ ಡಿ-ಲೂಪ್, ಟ್ರಿಗರ್. ಬಿಲ್ಲಿನ ತೂಕವೂ ಹೋಗುತ್ತದೆ. ಸ್ಟೆಬಿಲೈಸರ್ (ಅಲುಗಾಟ ತಡೆಯುವ ಕಡ್ಡಿ) ಎಲ್ಲ ಸೇರಿದ ನಿಮ್ಮ ಕಾಂಪೌಂಡ್ ಎರಡೂವರೆ ಕಿಲೋ ಮೇಲಿರಬಹುದು. ಮರದ ರೀಕರ್ವ್ ಒಂದು ಕಿಲೋ ಆಸುಪಾಸು. ಹಗುರ ಬಿಲ್ಲು ಕೈಯ ಸಣ್ಣ ತಿರುಚನ್ನೂ ಬಾಣಕ್ಕೆ ತಲುಪಿಸುತ್ತದೆ.

ಉಳಿಯುವುದೂ ಕಡಿಮೆಯೇನಲ್ಲ. ನಿಲುವು ಉಳಿಯುತ್ತದೆ. ಬೆನ್ನಿನಿಂದ ಎಳೆಯುವ ಅಭ್ಯಾಸ ಉಳಿಯುತ್ತದೆ. ಬಾಣ ಬಿಟ್ಟ ಮೇಲೂ ಕದಲದೆ ನಿಲ್ಲುವ ತಾಳ್ಮೆ, ಗಾಳಿ ನೋಡುವ ಕಣ್ಣು, ಬಾಣ ಯಾಕೆ ಓರೆ ಹೋಯಿತು ಅಂತ ಹುಡುಕುವ ಬುದ್ಧಿ ಎಲ್ಲ ಉಳಿಯುತ್ತವೆ. ಇವನ್ನು ಹೊಸಬರು ವರ್ಷಗಟ್ಟಲೆ ಕಲಿಯಬೇಕು. ನಿಮ್ಮ ಹತ್ತಿರ ಆಗಲೇ ಇವೆ. ಆದರೆ ತಾಳಿಕೊಳ್ಳಲಾಗದ ಭಾರದ ಬಿಲ್ಲು ಹಿಡಿದರೆ ಇವು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಮೈಯೆಲ್ಲ ಬಿಲ್ಲಿನ ಜೊತೆ ಗುದ್ದಾಡುವುದರಲ್ಲೇ ಇರುತ್ತದೆ.

ಹಂತ 2: ಯಾವ ಕಣ್ಣು ಅಂತ ಮತ್ತೊಮ್ಮೆ ನೋಡಿ

ಇದು ಎರಡು ನಿಮಿಷದ ಕೆಲಸ. ಎರಡೂ ಅಂಗೈ ಮುಂದೆ ಚಾಚಿ, ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ಒಂದು ವಸ್ತು ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಪ್ರಬಲ ಕಣ್ಣು.

ಕಾಂಪೌಂಡ್‌ನಲ್ಲಿ ಪೀಪ್ ಇರುವುದರಿಂದ ಎಡಗಣ್ಣು ಪ್ರಬಲ ಇರುವವರೂ ಬಲಗೈ ಬಿಲ್ಲು ಹಿಡಿದು ಚೆನ್ನಾಗಿಯೇ ಹೊಡೆಯುತ್ತಾರೆ. ಸೈಟ್ ಇಲ್ಲದೆ, ಎರಡೂ ಕಣ್ಣು ತೆರೆದು, ಬಾಣದ ಮೇಲಿಂದ ಗುರಿ ನೋಡುವಾಗ ಈ ವ್ಯತ್ಯಾಸ ಬಯಲಾಗುತ್ತದೆ. ಬಾಣ ಎಲ್ಲ ಒಂದೇ ಕಡೆಗೆ, ಒಂದಡಿ ಆಚೆ ಬೀಳುತ್ತದೆ. ಹೀಗಿರುವವರು ಒಂದು ಕಣ್ಣು ಮುಚ್ಚಿ ಹೊಡೆಯಬಹುದು, ಇಲ್ಲವೇ ಕೈ ಬದಲಿಸಬಹುದು. ಯಾವುದು ಅಂತ ಬಿಲ್ಲು ಕೊಳ್ಳುವ ಮೊದಲೇ ತೀರ್ಮಾನಿಸಿ. ಎಡಗೈ ಬಿಲ್ಲನ್ನು ಬಲಗೈಗೆ ಮಾಡೋಕೆ ಬರುವುದಿಲ್ಲ.

ಹಂತ 3: ಡ್ರಾ ಲೆಂಗ್ತ್ ಹೊಸದಾಗಿ ಅಳೆಯಿರಿ

ಕಾಂಪೌಂಡ್‌ನ ಡ್ರಾ ಲೆಂಗ್ತ್ (ಹೆದೆ ಎಳೆಯುವ ಉದ್ದ) ಇಲ್ಲಿ ನಡೆಯುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಇಂಚು ಕಡಿಮೆ ಬರುತ್ತದೆ. ರಿಲೀಸ್ ಹಿಡಿದ ಕೈ ದವಡೆಯ ಹಿಂದಕ್ಕೆ ಹೋಗುತ್ತದೆ. ಬೆರಳು ತುಟಿಯಂಚಿನಲ್ಲೋ ಗಲ್ಲದ ಕೆಳಗೋ ನಿಲ್ಲುತ್ತದೆ. ಗೋಡೆ ಇಲ್ಲದ ಕಾರಣ ಮೊದಮೊದಲು ಮೈ ಸ್ವಲ್ಪ ಮುದುಡಿಕೊಳ್ಳುವುದೂ ಉಂಟು.

ಅಳೆಯೋದು ಹೀಗೆ. ರೇಂಜ್‌ನಲ್ಲಿ ಯಾರ ಹತ್ತಿರವಾದರೂ 20 ಪೌಂಡಿನ ಕಲಿಕೆಯ ಬಿಲ್ಲು ಇದ್ದೇ ಇರುತ್ತದೆ, ಅದನ್ನು ಕೇಳಿ. ಕತ್ತರಿಸದ ಉದ್ದ ಬಾಣ ಹಾಕಿ. ಕಣ್ಣು ಮುಚ್ಚಿ ಎಳೆಯಿರಿ, ಆಂಕರ್‌ಗೆ ತಂದು ಉಸಿರು ಬಿಡಿ. ಪಕ್ಕದಲ್ಲಿ ನಿಂತವರು ಬಿಲ್ಲಿನ ಹಿಡಿಯ ಅತಿ ಆಳದ ಜಾಗಕ್ಕೆ ನೇರವಾಗಿ ಬಾಣದ ಮೇಲೆ ಗುರುತು ಹಾಕಲಿ. ನಾಕ್‌ನ (ಬಾಣದ ಹಿಂತುದಿಯಲ್ಲಿ ಹೆದೆ ಕೂರುವ ಕಚ್ಚು) ತಳದಿಂದ ಆ ಗುರುತಿಗೆ ಎಷ್ಟು ಇಂಚು ಅಂತ ನೋಡಿ. ಅದಕ್ಕೆ ಒಂದೂ ಮುಕ್ಕಾಲು ಇಂಚು ಕೂಡಿಸಿ. ಬಿಲ್ಲು ಮಾಡುವವರು ಲೆಕ್ಕ ಹಿಡಿಯುವ ಡ್ರಾ ಲೆಂಗ್ತ್ ಅದು. ಒಂದು ಸಲ ಅಳೆದು ಸುಮ್ನಾಗಬೇಡಿ. ಹತ್ತು ಸಲ ಎಳೆದು ಬರೆದುಕೊಳ್ಳಿ. ಮೊದಲ ಎರಡು ಮೂರನ್ನು ಬಿಟ್ಟುಬಿಡಿ. ಆಗ ನಾವು ಎದೆ ಉಬ್ಬಿಸಿ ಎಳೆದಿರುತ್ತೇವೆ.

ಹಂತ 4: ಡ್ರಾ ವೇಟ್ (ಎಳೆತದ ಭಾರ). ಎಲ್ಲಕ್ಕಿಂತ ಮುಖ್ಯ ಇದೇ

ರೀಕರ್ವ್ ಲಿಂಬ್ (ಎಳೆದಾಗ ಬಾಗುವ ಬಿಲ್ಲಿನ ತೋಳು) ಮೇಲೆ ಬರೆದ ಪೌಂಡ್ 28 ಇಂಚು ಎಳೆದಾಗಿನ ಲೆಕ್ಕ. ನೀವು ಕಡಿಮೆ ಎಳೆದರೆ ಇಂಚಿಗೆ ಎರಡು, ಎರಡೂವರೆ ಪೌಂಡ್ ಕಡಿಮೆ. ಜಾಸ್ತಿ ಎಳೆದರೆ ಅಷ್ಟೇ ಜಾಸ್ತಿ, ಗಿಡ್ಡ ಬಿಲ್ಲಾದರೆ ಇಂಚಿಗೆ ಮೂರು ಮೀರಲೂಬಹುದು. 40 ಪೌಂಡ್ ಅಂತ ಬರೆದ ಬಿಲ್ಲು 26 ಇಂಚು ಎಳೆಯುವವರಿಗೆ 35 ಪೌಂಡಿನದು, 30 ಇಂಚು ಎಳೆಯುವವರಿಗೆ 45 ಪೌಂಡಿನದು. ಒಂದೇ ಬಿಲ್ಲು, ಹತ್ತು ಪೌಂಡ್ ವ್ಯತ್ಯಾಸ. ಆದ್ದರಿಂದ "40ರ ಬಿಲ್ಲು ಸಾಕು" ಅಂತ ಯಾರಾದರೂ ಹೇಳಿದರೆ "ಯಾರ ಬೆರಳ ಮೇಲೆ 40?" ಅಂತ ಕೇಳಿ.

ನನ್ನ ಲೆಕ್ಕ ಸರಳ. ಕಾಂಪೌಂಡ್‌ನಲ್ಲಿ 50ರಿಂದ 60 ಪೌಂಡ್ ಹೊಡೆಯುತ್ತಿದ್ದರೆ ನಿಮ್ಮ ಬೆರಳ ಮೇಲೆ 30ರಿಂದ 34 ಪೌಂಡ್ ಬರುವ ಬಿಲ್ಲು ಕೊಳ್ಳಿ. 40ರಿಂದ 50 ಹೊಡೆಯುತ್ತಿದ್ದರೆ 24ರಿಂದ 28. ಭುಜಕ್ಕೆ ಹಿಂದೆ ಪೆಟ್ಟಾಗಿದ್ದರೆ ಇನ್ನೂ ನಾಲ್ಕು ಇಳಿಸಿ. ತೀರಾ ಹಗುರ ಆಯಿತೇನೋ ಅಂತ ನಿಮಗೆ ಅನಿಸಬೇಕು. ಹಾಗೆ ಅನಿಸಿದರೆ ಸರಿಯಾದ ಜಾಗದಲ್ಲಿದ್ದೀರಿ.

ನನ್ನ ಮಾತು ನಂಬುವುದು ಬೇಡ, ಪರೀಕ್ಷೆ ಮಾಡಿ ನೋಡಿ. ಕೊಳ್ಳಬೇಕೆಂದಿರುವ ಬಿಲ್ಲನ್ನು, ಇಲ್ಲವೇ ಅಷ್ಟೇ ಭಾರದ ಬೇರೆ ಬಿಲ್ಲನ್ನು ಎಳೆದು ಆಂಕರ್‌ನಲ್ಲಿ ಎಂಟು ಸೆಕೆಂಡ್ ನಿಲ್ಲಿ. ಬಾಣ ಬಿಡದೆ ನಿಧಾನಕ್ಕೆ ಇಳಿಸಿ. ಅರ್ಧ ನಿಮಿಷ ಬಿಟ್ಟು ಮತ್ತೆ. ಹೀಗೆ ಆರು ಸಲ. ನೋಡಬೇಕಾದ್ದು ಎಳೆಯುವಾಗ ಅಲ್ಲ, ಇಳಿಸುವಾಗ. ಐದನೆಯ, ಆರನೆಯ ಸಲ ಇಳಿಸುವಾಗ ಹೆದೆ ಕೈಯಿಂದ ಜಗ್ಗಿಕೊಂಡು ಓಡಿದರೆ, ಬಿಲ್ಲು ಹಿಡಿದ ಭುಜ ಕಿವಿಯ ಕಡೆಗೆ ಏರಿದರೆ, ಆ ಬಿಲ್ಲು ನಿಮಗೆ ಭಾರ. ಆವತ್ತು ಮನೆಯಲ್ಲಿ ನಾನು ಈ ಪರೀಕ್ಷೆ ಮಾಡಿದ್ದರೆ ಎರಡನೇ ಸಲಕ್ಕೇ ಗೊತ್ತಾಗುತ್ತಿತ್ತು.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ 45, 50 ಪೌಂಡ್ ಕೊಳ್ಳಿ ಅನ್ನುವ ಸಲಹೆ ಎಷ್ಟೋ ಸಿಗುತ್ತದೆ. ಅದರಲ್ಲಿ ಬಹುಪಾಲು ಅಮೆರಿಕದ ಬೇಟೆಗಾರರದು. ಅಲ್ಲಿನ ಹಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಬಿಲ್ಲು ಕನಿಷ್ಠ ಇಷ್ಟು ಪೌಂಡ್ ಇರಬೇಕು ಅಂತ ನಿಯಮವೇ ಇದೆ. ಅವರ ಅಗತ್ಯ ಬೇರೆ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಬೇಟೆಯ ಪ್ರಶ್ನೆಯೇ ಇಲ್ಲ. ನಾವು ಹೊಡೆಯುವುದು ಕಾಗದಕ್ಕೆ, ಫೋಮ್‌ಗೆ, ಹುಲ್ಲಿನ ಬುಟ್ಟಿಗೆ. ಅದಕ್ಕೆ 30 ಪೌಂಡ್ ಧಾರಾಳ. ಅಮೆರಿಕದಲ್ಲಿದ್ದು ಮುಂದೆ ಬೇಟೆಗೆ ಹೋಗುವ ಯೋಚನೆ ಇರುವ ಕನ್ನಡಿಗರೂ ಮೊದಲ ವರ್ಷ ಹಗುರ ಲಿಂಬ್‌ನಲ್ಲೇ ಕಲಿಯಿರಿ, ಭಾರದ್ದು ಆಮೇಲೆ ಹಾಕಿಕೊಳ್ಳಿ.

ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ವಿಷಯ ಇಲ್ಲಿ ಹೇಳಬೇಕು. 1545ರಲ್ಲಿ ಮುಳುಗಿದ ಈ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿ ನೂರಕ್ಕೂ ಹೆಚ್ಚು ಲಾಂಗ್‌ಬೋ ಸಿಕ್ಕವು. 100 ಪೌಂಡಿನಿಂದ 180ರ ಆಸುಪಾಸಿನವರೆಗೆ ಇದ್ದವು ಅಂತ ಅಂದಾಜು. ಜೊತೆಗೆ ಸಿಕ್ಕ ಕೆಲವು ಅಸ್ಥಿಪಂಜರಗಳಲ್ಲಿ ಭುಜದ ಎಲುಬೇ ಬೇರೆ ಥರ ಬೆಳೆದಿದ್ದು ಕಂಡಿತು. ಚಿಕ್ಕಂದಿನಿಂದ ಭಾರದ ಬಿಲ್ಲು ಎಳೆದ ಗುರುತು ಅದು ಅಂತ ವಿದ್ವಾಂಸರ ಊಹೆ. ಅಷ್ಟು ವರ್ಷ ಕೊಟ್ಟು ಬೆಳೆಸಿದ ಭುಜ ಅವರದು. ನಮ್ಮದು ಕಂಪ್ಯೂಟರ್ ಮುಂದೆ ಕುಳಿತ ಭುಜ.

ಹಂತ 5: ಯಾವ ಬಗೆಯ ಬಿಲ್ಲು

ಕಾಂಪೌಂಡ್‌ನಿಂದ ಬರುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಐಎಲ್‌ಎಫ್ ರೀಕರ್ವ್. ಐಎಲ್‌ಎಫ್ (ಇಂಟರ್‌ನ್ಯಾಷನಲ್ ಲಿಂಬ್ ಫಿಟ್ಟಿಂಗ್) ಅಂದರೆ ಲಿಂಬ್ ಮತ್ತು ರೈಸರ್ (ಹಿಡಿ ಇರುವ ನಡುಭಾಗ) ಕೂಡಿಸುವ ಒಂದು ಮಾದರಿ ಅಷ್ಟೇ. ಈ ಮಾದರಿ ಒಪ್ಪುವ ಯಾವ ಕಂಪನಿಯ ರೈಸರ್‌ಗೆ ಯಾವ ಕಂಪನಿಯ ಲಿಂಬ್ ಬೇಕಾದರೂ ಕೂರುತ್ತದೆ. ಸ್ಪ್ಯಾನರ್ ಬೇಡ, ಒತ್ತಿದರೆ ಟಕ್ ಅಂತ ಕೂರುತ್ತದೆ. ಲಿಂಬ್ ಬೋಲ್ಟ್ ತಿರುಗಿಸಿದರೆ ಮೂರ್ನಾಲ್ಕು ಪೌಂಡ್ ಏರಿಸಬಹುದು, ಇಳಿಸಬಹುದು. ಟಿಲ್ಲರ್, ಅಂದರೆ ಮೇಲಿನ ಮತ್ತು ಕೆಳಗಿನ ಲಿಂಬ್ ಬಾಗುವುದರ ಸಮತೋಲ, ಸರಿಮಾಡಬಹುದು. ಪ್ಲಂಜರ್ (ಬಾಣವನ್ನು ಪಕ್ಕದಿಂದ ತಾಳುವ ಸ್ಪ್ರಿಂಗ್ ಗುಂಡಿ) ಹಾಕಬಹುದು. ಟ್ಯೂನಿಂಗ್ ಮಾಡಿ ಅಭ್ಯಾಸ ಇರುವ ಕೈಗೆ ಇದು ಹೇಳಿ ಮಾಡಿಸಿದ ಬಿಲ್ಲು. ಮುಂದೆ ಭಾರ ಏರಿಸಬೇಕಾದಾಗ ಲಿಂಬ್ ಒಂದು ಜೊತೆ ಕೊಂಡರೆ ಮುಗಿಯಿತು, ರೈಸರ್ ಹಾಗೇ ಇರುತ್ತದೆ. ಹಳೆಯ ಲಿಂಬ್‌ಗೆ ರೇಂಜ್‌ನಲ್ಲೇ ಗಿರಾಕಿ ಸಿಗುತ್ತಾರೆ.

ಎರಡು ಎಚ್ಚರಿಕೆ. ಹಾಯ್ಟ್ ಕಂಪನಿಯ ಫಾರ್ಮುಲಾ ಅನ್ನುವ ಜೋಡಣೆ ಬೇರೆ, ಅದು ಐಎಲ್‌ಎಫ್ ಜೊತೆ ಕೂರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕೇಳಿಯೇ ಕೊಳ್ಳಿ. ಇನ್ನೊಂದು, ಐಎಲ್‌ಎಫ್ ಲಿಂಬ್ ಮೇಲಿನ ಪೌಂಡ್ ಸಾಮಾನ್ಯವಾಗಿ 25 ಇಂಚಿನ ರೈಸರ್ ಲೆಕ್ಕದ್ದು. ಗಿಡ್ಡ ರೈಸರ್‌ಗೆ ಅದೇ ಲಿಂಬ್ ಹಾಕಿದರೆ ಭಾರ ಜಾಸ್ತಿ ಬರುತ್ತದೆ.

ಅಷ್ಟು ದುಡ್ಡು ಹಾಕೋಕೆ ಮನಸ್ಸಿಲ್ಲದಿದ್ದರೆ ಬೋಲ್ಟ್ ಹಾಕಿ ಬಿಗಿಯುವ ಮರದ ಟೇಕ್‌ಡೌನ್ ರೀಕರ್ವ್ ತೆಗೆದುಕೊಳ್ಳಿ. ಸ್ಯಾಮಿಕ್ ಸೇಜ್ ಅನ್ನುವ 62 ಇಂಚಿನ ಬಿಲ್ಲು ಈ ಬಗೆಯಲ್ಲಿ ತುಂಬಾ ಹೆಸರು ಮಾಡಿತು. ಅದೇ ಅಚ್ಚಿನ ಬಿಲ್ಲುಗಳು ಈಗ ಹಲವು ಹೆಸರಲ್ಲಿ ಬರುತ್ತವೆ. ಲಿಂಬ್ ಬದಲಿಸಬಹುದು. ಆದರೆ ಅದೇ ಅಳತೆಯ ಲಿಂಬ್ ಮಾತ್ರ ಕೂರುತ್ತದೆ. ಟಿಲ್ಲರ್ ತಿದ್ದೋಕೆ ಆಗುವುದಿಲ್ಲ. ಆದರೂ ಮೊದಲ ವರ್ಷಕ್ಕೆ ಚೆನ್ನಾಗಿಯೇ ನಡೆಯುತ್ತದೆ.

ಒಂದೇ ತುಂಡಿನ ರೀಕರ್ವ್ ನೋಡೋಕೆ ಎಲ್ಲಕ್ಕಿಂತ ಚೆಂದ. ಆ ಮರದ ಪದರಗಳನ್ನು ನೋಡಿದರೆ ಈಗಲೂ ನನ್ನ ಕೈ ಅದರ ಕಡೆಗೇ ಹೋಗುತ್ತದೆ. ಆದರೆ ಅದರ ಭಾರ ಬದಲಿಸಲಾಗದು. ಆಯ್ಕೆ ತಪ್ಪಿದರೆ ಮಾರಬೇಕು, ಇಲ್ಲವೇ ಗೋಡೆಗೆ ನೇತು ಹಾಕಬೇಕು. ನನ್ನ 50 ಪೌಂಡಿನದು ಇವತ್ತಿಗೂ ಗೋಡೆಯ ಮೇಲಿದೆ. ಇದು ನಿಮ್ಮ ಎರಡನೇ ಬಿಲ್ಲಾಗಲಿ.

ಲಾಂಗ್‌ಬೋ ಬೇಕೇ ಬೇಕು ಅನ್ನುವವರು ಮೊದಲು ಹೈಬ್ರಿಡ್ ಲಾಂಗ್‌ಬೋ ಎಳೆದು ನೋಡಿ. ಲಿಂಬ್‌ನಲ್ಲಿ ಸ್ವಲ್ಪ ಒಳಬಾಗು, ಸ್ವಲ್ಪ ಹೊರಬಾಗು ಇರುವ ಬಿಲ್ಲು ಅದು. ಬಾಣ ಬಿಟ್ಟಾಗ ಕೈಗೆ ಹೊಡೆಯುವ ಅದುರು ಕಡಿಮೆ. ಇಂಗ್ಲಿಷ್ ಲಾಂಗ್‌ಬೋನಲ್ಲಿ ಬಾಣ ಇಡೋಕೆ ಶೆಲ್ಫೇ ಇರುವುದಿಲ್ಲ, ಗೆಣ್ಣಿನ ಮೇಲಿಂದ ಹೊಡೆಯಬೇಕು. ವರ್ಲ್ಡ್ ಆರ್ಚರಿಯ ಲಾಂಗ್‌ಬೋ ವಿಭಾಗದಲ್ಲಿ ಸ್ಪರ್ಧೆಗೆ ಹೋಗುವುದಾದರೆ ಬಾಣವೂ ಮರದ್ದೇ ಆಗಬೇಕು, ಗರಿಯೂ ನಿಜವಾದ ಹಕ್ಕಿಯ ಗರಿ ಆಗಬೇಕು. ಮಲೆನಾಡಿನ ಮಳೆಗಾಲದಲ್ಲಿ ಮರದ ಬಾಣ ನೆಟ್ಟಗೆ ಇಟ್ಟುಕೊಳ್ಳುವುದೇ ಒಂದು ದೊಡ್ಡ ಕೆಲಸ.

ಕುದುರೆ ಬಿಲ್ಲುಗಳು ಇನ್ನೊಂದು ಲೋಕ. ಟರ್ಕಿ, ಹಂಗೇರಿ, ಕೊರಿಯಾ ಕಡೆಯ ಗಿಡ್ಡ ಬಿಲ್ಲುಗಳಿವು. ಇವುಗಳಲ್ಲಿ ಹಲವನ್ನು ಹೆಬ್ಬೆರಳಿನ ಉಂಗುರ ಹಾಕಿ ಎಳೆಯುತ್ತಾರೆ. ಬಾಣ ಬಿಲ್ಲಿನ ಆಚೆ ಬದಿಯಲ್ಲಿ ಕೂರುತ್ತದೆ. ನೀವು ಕಲಿತದ್ದರಲ್ಲಿ ತುಂಬಾ ಕಡಿಮೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲ ಬಿಲ್ಲಾಗಿ ಬೇಡ.

ಇನ್ನು ನಮ್ಮ ಬಿದಿರು ಬಿಲ್ಲು. ಭಾರತದಲ್ಲಿ ಇಂಡಿಯನ್ ರೌಂಡ್ ಅಂತ ಒಂದು ವಿಭಾಗವೇ ಇದೆ. ಬಿದಿರು ಬಿಲ್ಲಿನಲ್ಲಿ 30 ಮತ್ತು 50 ಮೀಟರ್ ದೂರಕ್ಕೆ ಹೊಡೆಯುತ್ತಾರೆ. ರಾಜಸ್ಥಾನದ ಲಿಂಬಾ ರಾಮ್ ಬಿದಿರು ಬಿಲ್ಲಿನಿಂದ ಶುರು ಮಾಡಿ 1988, 1992, 1996ರ ಮೂರು ಒಲಿಂಪಿಕ್ಸ್‌ಗೆ ಹೋದವರು. ರೇಂಜ್‌ಗೆ ಬರುವ ಒಬ್ಬ ಹುಡುಗ ಒಮ್ಮೆ ತನ್ನ ಬಿದಿರು ಬಿಲ್ಲು ನನ್ನ ಕೈಗೆ ಕೊಟ್ಟು "ಹೊಡೀರಿ ಅಂಕಲ್" ಅಂದ. 30 ಮೀಟರ್‌ಗೆ ನನ್ನ ಆರು ಬಾಣದಲ್ಲಿ ಎರಡು ಗುರಿಯ ಹಲಗೆಗೆ ಬಿದ್ದವು. ಅವನ ಆರೂ ನನ್ನ ಅಂಗೈ ಅಗಲದಲ್ಲಿ ಕೂತವು. ಬೆಲೆ ಕಡಿಮೆ, ಪಾಠ ದೊಡ್ಡದು. ತೊಂದರೆ ಇಷ್ಟೇ: ಒಂದು ಬಿಲ್ಲಿನ ಹಾಗೆ ಇನ್ನೊಂದು ಇರುವುದಿಲ್ಲ. ಭಾರ ತೂಗಿಯೇ ಕೊಳ್ಳಬೇಕು. ಹೊಡೆದಾದ ಮೇಲೆ ಹೆದೆ ಇಳಿಸಲೇಬೇಕು. ಹೇಳಿಕೊಡುವವರು ಹತ್ತಿರದಲ್ಲಿದ್ದರೆ ಇದನ್ನೇ ಮೊದಲ ಬಿಲ್ಲು ಮಾಡಿಕೊಳ್ಳಬಹುದು.

ಹಂತ 6: ಬಿಲ್ಲಿನ ಉದ್ದ

ಈಗಿನ ಕಾಂಪೌಂಡ್ ಗಿಡ್ಡ. ಅದಕ್ಕೇ ಗಿಡ್ಡ ರೀಕರ್ವ್ ಕಂಡರೆ ನಮಗೆ ಪರಿಚಯದ ವಸ್ತು ಅನಿಸುತ್ತದೆ. ಇಲ್ಲಿ ಮೋಸ ಹೋಗಬೇಡಿ. ಎಳೆದಾಗ ಹೆದೆ ಕೋನ ಆಗುತ್ತದೆ. ಬಿಲ್ಲು ಗಿಡ್ಡ ಆದಷ್ಟೂ ಕೋನ ಚೂಪಾಗುತ್ತದೆ. ರಿಲೀಸ್ ಕೊಕ್ಕೆಗೆ ಅದು ಗೊತ್ತಾಗುವುದಿಲ್ಲ. ಮೂರು ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಹೆದೆ ಬೆರಳುಗಳನ್ನು ಇಕ್ಕಳದ ಹಾಗೆ ಒತ್ತಿ ಹಿಡಿಯುತ್ತದೆ, ನಾಕ್ ಮೇಲೆ ಒತ್ತಡ ಬೀಳುತ್ತದೆ, ಬಾಣ ಶೆಲ್ಫ್‌ನಿಂದ ಜಾರುತ್ತದೆ. ಕೊನೆಯ ಒಂದೆರಡು ಇಂಚಿನಲ್ಲಿ ಭಾರವೂ ಧುತ್ತೆಂದು ಏರುತ್ತದೆ. ಇದಕ್ಕೇ ಸ್ಟ್ಯಾಕ್ ಅನ್ನುವುದು.

ಡ್ರಾ 26 ಇಂಚಿನೊಳಗೆ ಇದ್ದರೆ 62ರಿಂದ 64 ಇಂಚಿನ ಬಿಲ್ಲು, 27–28 ಇದ್ದರೆ 64ರಿಂದ 66, 29 ದಾಟಿದರೆ 68 ನೋಡಿ. 25 ಇಂಚಿನ ರೈಸರ್‌ಗೆ ಮೀಡಿಯಂ ಲಿಂಬ್ ಹಾಕಿದರೆ 68 ಇಂಚು, ಶಾರ್ಟ್ ಹಾಕಿದರೆ 66. ಎರಡರ ನಡುವೆ ಯಾವುದು ಅಂತ ಗೊಂದಲ ಆದರೆ ಉದ್ದದ್ದನ್ನೇ ತೆಗೆದುಕೊಳ್ಳಿ.

ಹಂತ 7: ಕೈಯಲ್ಲಿ ಹಿಡಿದು ನೋಡುವಾಗ

ಸೆಕೆಂಡ್ ಹ್ಯಾಂಡ್ ಬಿಲ್ಲು ಕೊಳ್ಳುವುದರಲ್ಲಿ ಏನೂ ತಪ್ಪಿಲ್ಲ, ನೋಡೋಕೆ ಗೊತ್ತಿರಬೇಕು ಅಷ್ಟೇ.

ಹೆದೆ ಏರಿಸಿದ ಬಿಲ್ಲನ್ನು ಒಂದು ತುದಿಯಿಂದ ಕಣ್ಣಿಗೆ ಹಿಡಿದು ನೋಡಿ. ಹೆದೆ ಎರಡೂ ಲಿಂಬ್‌ನ ನಟ್ಟನಡುವೆ ಓಡಬೇಕು. ತುದಿಯ ಹತ್ತಿರ ಪಕ್ಕಕ್ಕೆ ಸರಿದಿದ್ದರೆ ಲಿಂಬ್ ತಿರುಚಿದೆ. ಆಮೇಲೆ ಒಂದು ಚೂರು ಹತ್ತಿ ತೆಗೆದುಕೊಂಡು ಲಿಂಬ್‌ನ ಅಂಚಿನುದ್ದಕ್ಕೂ ಸವರಿ. ಫೈಬರ್‌ಗ್ಲಾಸ್ ಎಲ್ಲಾದರೂ ಸೀಳಿದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿಬೆರಳಲ್ಲಿ ಸವರಬೇಡಿ, ಆ ಸಿಬಿರು ಚುಚ್ಚಿಕೊಂಡರೆ ತೆಗೆಯುವುದು ಕಷ್ಟ. ಮರ ಮತ್ತು ಗ್ಲಾಸ್ ಕೂಡುವ ಗೆರೆಯಲ್ಲಿ ಉಗುರು ಸಿಕ್ಕುವಂಥ ಸಂದು ಇದ್ದರೆ ಪದರ ಬಿಡುತ್ತಿದೆ ಅಂತ ಅರ್ಥ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

ಲಿಂಬ್ ತುದಿ ನೋಡಿ. ಹಳೆಯ ಬಿಲ್ಲುಗಳಲ್ಲಿ ತುದಿಗೆ ಬಲಪಡಿಸಿದ ಪದರ ಇರುವುದಿಲ್ಲ. ಅವಕ್ಕೆ ಸ್ವಲ್ಪ ಹಿಗ್ಗುವ ಡಾಕ್ರಾನ್ ಹೆದೆಯೇ ಬೇಕು. ಹಿಗ್ಗದ ಫಾಸ್ಟ್‌ಫ್ಲೈಟ್ ಥರದ ಹೆದೆ ಹಾಕಿದರೆ ತುದಿ ಸೀಳುತ್ತದೆ. ಮಾರುವವರನ್ನು ಇನ್ನೊಂದು ಮಾತು ಕೇಳಿ: ಕಾರಿನಲ್ಲಿ ಬಿಟ್ಟಿದ್ರಾ? ಏಪ್ರಿಲ್ ಮೇ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗಿನ ಬಿಸಿ ಲಿಂಬ್‌ನ ಅಂಟನ್ನು ಸಡಿಲಿಸಬಲ್ಲದು.

ಹೆದೆ ಏರಿಸುವಾಗ ಸ್ಟ್ರಿಂಗರ್ ಹಗ್ಗ ಬಳಸಿ. ನಾವು ಕಾಂಪೌಂಡ್‌ನವರು ಬಿಲ್ಲಿನ ಹೆದೆ ದಿನಾ ಇಳಿಸಿ ಏರಿಸಿದವರಲ್ಲ. ಕಾಲಿನ ನಡುವೆ ಹಾಕಿ ಬಗ್ಗಿಸುವವರನ್ನು ನೋಡಿ ಹಾಗೇ ಮಾಡೋಕೆ ಹೋಗುತ್ತೇವೆ. ಲಿಂಬ್ ತಿರುಚುವುದು ಬಹಳ ಸಲ ಹಾಗೇ.

ಹಂತ 8: ಕಾಂಪೌಂಡ್ ಬಾಣ ಪಕ್ಕಕ್ಕಿಡಿ

ನಿಮ್ಮ 340 ಅಥವಾ 400 ಸ್ಪೈನ್ ಬಾಣ 32 ಪೌಂಡಿನ ರೀಕರ್ವ್‌ಗೆ ಕಬ್ಬಿಣದ ಸಲಾಕೆ ಇದ್ದ ಹಾಗೆ. 28 ಇಂಚಿನ ಅಂತರದಲ್ಲಿ ಆಧಾರ ಕೊಟ್ಟು ನಡುವೆ 880 ಗ್ರಾಂ ತೂಕ ತೂಗುಹಾಕಿದಾಗ ಬಾಣ ಅರ್ಧ ಇಂಚು ಬಾಗಿದರೆ ಅದು 500 ಸ್ಪೈನ್. ಸಂಖ್ಯೆ ಜಾಸ್ತಿ ಆದಷ್ಟೂ ಬಾಣ ಬಳುಕುತ್ತದೆ. ಬೆರಳಿನಿಂದ ಬಿಟ್ಟಾಗ ಹೆದೆ ಬೆರಳ ತುದಿಯನ್ನು ಸುತ್ತಿ ಪಕ್ಕಕ್ಕೆ ಸರಿದು ಹೋಗುತ್ತದೆ. ಬಾಣ ಮೀನಿನ ಹಾಗೆ ಬಳುಕಿ ರೈಸರ್ ದಾಟಬೇಕು. ಬಳುಕದ ಬಾಣ ರೈಸರ್‌ಗೆ ತಾಗಿ ಪಕ್ಕಕ್ಕೆ ಎಗರುತ್ತದೆ.

ಬೆರಳ ಮೇಲೆ 30 ಪೌಂಡ್ ಇದ್ದರೆ 700, 35 ಇದ್ದರೆ 600 ಆಸುಪಾಸಿನಿಂದ ಶುರು ಮಾಡಿ. ಡಜನ್ ಕೊಳ್ಳಬೇಡಿ. ಎರಡೂ ಸ್ಪೈನ್‌ನಲ್ಲಿ ಮೂರು ಮೂರು, ಪೂರ್ತಿ ಉದ್ದದ್ದು ತೆಗೆದುಕೊಳ್ಳಿ. ಗರಿ ಇಲ್ಲದ ಬಾಣ ಹೊಡೆದು ನೋಡುವುದು ನಿಮಗೆ ಗೊತ್ತೇ ಇದೆ. ಬಲಗೈಯವರಿಗೆ ಬರಿ ಬಾಣ ಗರಿ ಬಾಣಕ್ಕಿಂತ ಎಡಕ್ಕೆ ಬಿದ್ದರೆ ಅದು ಗಡಸು, ಭಾರದ ಮೊನೆ ಹಾಕಿ. ಬಲಕ್ಕೆ ಬಿದ್ದರೆ ಮೆದು, ಕಾಲಿಂಚು ಕಾಲಿಂಚೇ ಕತ್ತರಿಸುತ್ತ ಬನ್ನಿ. ಆದರೆ ಬಿಡುವ ಕೈ ಸ್ವಲ್ಪ ಪಳಗುವ ತನಕ, ಅಂದರೆ ಒಂದು ತಿಂಗಳು, ಬಾಣಕ್ಕೆ ಕತ್ತರಿ ಹಾಕಬೇಡಿ. ಅಲ್ಲಿಯವರೆಗೆ ನೀವು ಅಳೆಯುತ್ತಿರುವುದು ಬಾಣವನ್ನಲ್ಲ, ನಿಮ್ಮ ಬೆರಳನ್ನು.

ಶೆಲ್ಫ್ ಮೇಲಿಂದಲೇ ಹೊಡೆಯುವುದಾದರೆ ಹಕ್ಕಿ ಗರಿ ಇರಲಿ. ಪ್ಲಾಸ್ಟಿಕ್ ವೇನ್ ಶೆಲ್ಫ್‌ಗೆ ತಾಗಿ ಬಾಣವನ್ನು ಎತ್ತಿ ಹಾಕುತ್ತದೆ, ಗರಿ ಮಡಚಿಕೊಂಡು ಹೋಗುತ್ತದೆ. ಬಾಣದ ತೂಕ ಬೆರಳ ಮೇಲಿನ ಪ್ರತಿ ಪೌಂಡಿಗೆ ಒಂಬತ್ತು ಹತ್ತು ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ಇದ್ದರೆ ಬಿಲ್ಲಿಗೂ ಒಳ್ಳೆಯದು, ಸದ್ದೂ ಕಡಿಮೆ. ವೇಗದ ಆಸೆ ಇಲ್ಲಿ ಬಿಟ್ಟುಬಿಡಿ. ನಿಮ್ಮ ಕಾಂಪೌಂಡ್ ಬಾಣ ಸೆಕೆಂಡಿಗೆ 280–300 ಅಡಿ ಹೋಗುತ್ತಿತ್ತು. ಇದು 160–170 ಹೋದರೆ ಹೆಚ್ಚು. ಬಾಣ ಕಮಾನಿನ ಹಾಗೆ ಏರಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ನನಗೆ ಈ ಬಿಲ್ಲು ಹಿಡಿಸಿದ್ದೇ ಅದಕ್ಕೆ.

ಹಂತ 9: ಉಳಿದ ಸಾಮಾನು ಮತ್ತು ದುಡ್ಡಿನ ಲೆಕ್ಕ

ಇಟ್ಟ ದುಡ್ಡೆಲ್ಲ ಬಿಲ್ಲಿಗೇ ಸುರಿಯಬೇಡಿ. ಅರ್ಧ ಬಿಲ್ಲಿಗೆ, ಅರ್ಧ ಉಳಿದದ್ದಕ್ಕೆ. ಬಾಣ, ಬೆರಳು ಕಾಯುವ ಚರ್ಮದ ಟ್ಯಾಬ್, ತೋಳಿನ ಗಾರ್ಡ್, ಸ್ಟ್ರಿಂಗರ್, ಒಂದು ಹೆಚ್ಚಿನ ಹೆದೆ ಬೇಕು. ಕೊಕ್ಕೆ ಇರುವ ಡಿಜಿಟಲ್ ತೂಕದ ಯಂತ್ರವೂ ಇರಲಿ. ಲಗೇಜ್ ತೂಗುವ ಚಿಕ್ಕದು ಸಾಕು. ನಿಮ್ಮ ಡ್ರಾ ಲೆಂಗ್ತ್‌ಗೆ ಎಳೆದು ತೂಗಿದರೆ ಬೆರಳ ಮೇಲಿನ ನಿಜವಾದ ಭಾರ ಅದರಲ್ಲಿ ಗೊತ್ತಾಗುತ್ತದೆ. ವಿದೇಶದಿಂದ ತರಿಸುವುದಾದರೆ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿಸಿಯೇ ಬೆಲೆ ಹೋಲಿಸಿ. ಉದ್ದದ ಪಾರ್ಸೆಲ್ ಆದ್ದರಿಂದ ಒಂದೇ ತುಂಡಿನ ಬಿಲ್ಲಿಗೆ ಸಾಗಣೆ ದುಬಾರಿ. ಬಿಚ್ಚಿ ಕಳಿಸುವ ಬಿಲ್ಲಿಗೆ ಕಡಿಮೆ.

ಟ್ಯಾಬ್ ವಿಷಯದಲ್ಲಿ ಜಿಪುಣತನ ಬೇಡ. ತೆಳು ಟ್ಯಾಬ್ ಹಾಕಿ 50 ಬಾಣ ಹೊಡೆದರೆ ಉಂಗುರ ಬೆರಳಿನ ತುದಿ ಜೋಮು ಹಿಡಿಯುತ್ತದೆ. ಮಾರನೇ ದಿನ ಬೀಗದಲ್ಲಿ ಕೀ ತಿರುಗಿಸುವಾಗಲೂ ಅದು ನೆನಪಾಗುತ್ತದೆ.

ಹಂತ 10: ಬಿಲ್ಲು ಬಂದ ದಿನ ಮತ್ತು ಆಮೇಲಿನ ತಿಂಗಳು

ಹೆದೆ ಏರಿಸಿ ಬ್ರೇಸ್ ಹೈಟ್ ಅಳೆಯಿರಿ. ಹೆದೆಯಿಂದ ಹಿಡಿಯ ಆಳದ ಜಾಗಕ್ಕೆ ಇರುವ ಅಂತರ ಅದು. 62ರಿಂದ 66 ಇಂಚಿನ ರೀಕರ್ವ್‌ಗೆ ಏಳೂವರೆಯಿಂದ ಎಂಟೂವರೆ ಇಂಚಿನ ನಡುವೆ ಎಲ್ಲೋ ಒಂದು ಕಡೆ ಬಿಲ್ಲು ಸದ್ದು ಕಡಿಮೆ ಮಾಡುತ್ತದೆ. ಹೆದೆಯನ್ನು ಹುರಿ ಹಾಕಿ, ಹುರಿ ಬಿಚ್ಚಿ ಆ ಜಾಗ ಹುಡುಕಿ. ನಾಕ್ ಪಾಯಿಂಟ್ (ಹೆದೆಯ ಮೇಲೆ ಬಾಣ ಕೂರಿಸುವ ಗುರುತು) ನೇರಕ್ಕಿಂತ ಅರ್ಧ ಇಂಚು ಮೇಲೆ ಕಟ್ಟಿ ಶುರು ಮಾಡಿ.

ಐದು ಮೀಟರ್‌ನಲ್ಲಿ ನಿಲ್ಲಿ. ಗುರಿಯ ಕಾಗದ ಬೇಡ. ಬರೀ ಹುಲ್ಲಿನ ಬುಟ್ಟಿ ಸಾಕು. ಎಳೆಯುವುದು, ನಿಲ್ಲುವುದು, ಬಿಡುವುದು ಇಷ್ಟನ್ನೇ ಎರಡು ವಾರ ಮಾಡಿ. ಟ್ರಿಗರ್ ಅಭ್ಯಾಸ ಆದ ಕೈ ಬೆರಳುಗಳನ್ನು ಬೇಕಂತಲೇ ಬಿಡಿಸಲು ನೋಡುತ್ತದೆ, ಆಗ ಹೆದೆ ಟಣ್ ಅಂತ ಒರಟಾಗಿ ಹೋಗುತ್ತದೆ. ಬೆನ್ನು ಎಳೆಯುತ್ತಿರಲಿ, ಬೆರಳು ಸುಮ್ನೆ ಮೆತ್ತಗಾಗಲಿ. ಸರಿಯಾಗಿ ಬಿಟ್ಟಾಗ ಕೈ ತಾನಾಗಿ ಕಿವಿಯ ಹಿಂದಕ್ಕೆ ಸರಿಯುತ್ತದೆ. ಮೂರೂ ಬೆರಳು ಬಾಣದ ಕೆಳಗಿಟ್ಟು ಹೊಡೆದು ನೋಡಿ. ಬಾಣ ಕಣ್ಣಿಗೆ ಹತ್ತಿರ ಬರುವುದರಿಂದ ಕಾಂಪೌಂಡ್‌ನವರಿಗೆ ಇದು ಬೇಗ ಒಗ್ಗುತ್ತದೆ.

ಈ ಹೊತ್ತಿನಲ್ಲಿ ಕಾಂಪೌಂಡ್ ಮಾರಬೇಡಿ. ಆದರೆ ಒಂದೇ ದಿನ ಎರಡನ್ನೂ ಹೊಡೆಯಬೇಡಿ. ಆಂಕರ್ ಎರಡೂ ಕಡೆ ಕೆಡುತ್ತದೆ.

ಒಂದು ಪುಸ್ತಕ ಇಟ್ಟುಕೊಂಡು ದಿನ, ಬಾಣದ ಲೆಕ್ಕ, ಬೆರಳ ಮೇಲಿನ ಭಾರ, ಬ್ರೇಸ್ ಹೈಟ್ ಬರೆದಿಡಿ. 18 ಮೀಟರ್‌ನಲ್ಲಿ ನೂರು ಬಾಣ ಹೊಡೆದ ದಿನ ಕೊನೆಯ ಹನ್ನೆರಡು ಬಾಣ ಮೊದಲ ಹನ್ನೆರಡರಷ್ಟೇ ಒತ್ತಾಗಿ ಬಿದ್ದವಾ ಅಂತ ನೋಡಿ. ಹಾಗೆ ವಾರಕ್ಕೆ ಮೂರು ದಿನದಂತೆ ಒಂದು ತಿಂಗಳು ಬಿದ್ದರೆ, ಮಾರನೇ ದಿನ ಭುಜ ಹಿಡಿದುಕೊಳ್ಳದಿದ್ದರೆ, ನಾಲ್ಕು ಪೌಂಡ್ ಜಾಸ್ತಿ ಇರುವ ಲಿಂಬ್ ಕೊಳ್ಳಿ. ತಯಾರಕರು ಹೇಳಿದ ಮಿತಿಯೊಳಗೆ ಬೋಲ್ಟ್ ಎಷ್ಟು ಸಡಿಲಿಸಬಹುದೋ ಅಷ್ಟೇ ಸಡಿಲಿಸಿ ಶುರು ಮಾಡಿ, ಆ ಮಿತಿಯೊಳಗೇ ಹದಿನೈದು ದಿನಕ್ಕೆ ಅರ್ಧ ಸುತ್ತು ಬಿಗಿ ಮಾಡುತ್ತ ಬನ್ನಿ.